ಹಲವು ಕಂಪ್ಯೂಟರ್, ಒಂದೇ ಮೇಲ್ ಸಂಗ್ರಹ: ಹಳೇ ಮೇಲ್ ಎಲ್ಲ ಕಡೆ ಸಿಗುವಂತೆ ಮಾಡುವುದು ಹೇಗೆ?

ಹೊಸ ಮೇಲ್ ನೋಡೋದು ಈಗ ದೊಡ್ಡ ವಿಷಯವೇ ಅಲ್ಲ. ಬ್ರೌಸರ್ ತೆರೆದರೆ ಸಾಕು, ಯಾವ ಕಂಪ್ಯೂಟರ್ ಆದರೂ ಸರಿ. ತಲೆನೋವು ಇರುವುದು ಹಳೇ ಮೇಲ್‌ನದು. ಎಂಟು ಹತ್ತು ವರ್ಷದ ಪತ್ರ, ಬಿಲ್, ಒಪ್ಪಂದ, ಫೋಟೋ ಎಲ್ಲವೂ ಒಂದೇ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್‌ನಲ್ಲಿ ಕೂತಿರುತ್ತವೆ. ಲ್ಯಾಪ್‌ಟಾಪ್ ಹಿಡಿದು ಹೊರಗೆ ಹೋದಾಗಲೇ ಅದರಲ್ಲಿ ಒಂದು ಬೇಕಾಗುತ್ತದೆ.

ಸಾಮಾನ್ಯವಾಗಿ ಜನ ಮೊದಲು ಮಾಡುವುದು ಏನೆಂದರೆ, ಮೇಲ್ ಫೋಲ್ಡರ್ ಕಾಪಿ ಮಾಡಿ ಇನ್ನೊಂದು ಕಂಪ್ಯೂಟರ್‌ಗೆ ಹಾಕುವುದು. ಒಂದು ವಾರ ಚೆನ್ನಾಗಿರುತ್ತದೆ. ಆಮೇಲೆ ಅಲ್ಲಿ ಅಳಿಸಿದ್ದು ಇಲ್ಲಿ ಉಳಿದಿರುತ್ತದೆ, ಇಲ್ಲಿಂದ ಕಳಿಸಿದ್ದು ಅಲ್ಲಿ ಇರುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸಂಗ್ರಹ ಎರಡಾಗಿರುತ್ತದೆ, ಎರಡೂ ಅರೆಬರೆ.

ಅದಕ್ಕೇ ಸಾಫ್ಟ್‌ವೇರ್ ಯಾವುದು ಅನ್ನೋದಕ್ಕಿಂತ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು: ಅಸಲು ಸಂಗ್ರಹ ಎಲ್ಲಿರಬೇಕು? ಅದು ಒಂದು ಕಡೆ ಮಾತ್ರ ಇರಬೇಕು. ಉಳಿದ ಕಂಪ್ಯೂಟರ್‌ಗಳೆಲ್ಲ ಅಲ್ಲಿಂದ ತೆಗೆದು ತೋರಿಸಬೇಕು ಅಷ್ಟೇ. ಆ ಜಾಗ ನಿಮ್ಮ ಮೇಲ್ ಕಂಪನಿಯ ಸರ್ವರ್ ಆಗಬಹುದು, ಮನೆಯಲ್ಲೇ ಇಟ್ಟ ಚಿಕ್ಕ ಸರ್ವರ್ ಆಗಬಹುದು, ಒಬ್ಬರೇ ಬಳಸುವುದಾದರೆ ಜೇಬಿನಲ್ಲಿರುವ ಡ್ರೈವ್ ಕೂಡ ಆಗಬಹುದು. ಮೂರನ್ನೂ ಹೇಳುತ್ತೇನೆ. ಆದರೆ ಹೆಚ್ಚಿನವರಿಗೆ ಮೊದಲನೆಯದೇ ಸಾಕು.

## ಮೊದಲು ನಿಮ್ಮ ಮೇಲ್ ಎಲ್ಲಿದೆ ನೋಡಿ

ಮೇಲ್ ಪ್ರೋಗ್ರಾಂ ಸರ್ವರ್ ಜೊತೆ ಮಾತಾಡುವ ಹಳೇ ದಾರಿಗಳು ಎರಡು: ಪಾಪ್ ಮತ್ತು ಐಮ್ಯಾಪ್. ಪಾಪ್ ಮೇಲ್ ಅನ್ನು ಸರ್ವರ್‌ನಿಂದ ಇಳಿಸಿಕೊಂಡು ಈ ಕಂಪ್ಯೂಟರ್‌ನಲ್ಲಿ ಇಡುತ್ತದೆ. ಎಷ್ಟೋ ಸಲ ಸರ್ವರ್‌ನಲ್ಲಿದ್ದದ್ದನ್ನು ಅಳಿಸಿಯೂ ಬಿಡುತ್ತದೆ. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಉಳಿಯುತ್ತದೆ. ಓದಿದ್ದೋ ಇಲ್ಲವೋ, ಉತ್ತರ ಕೊಟ್ಟಾಗಿದೆಯೋ, ನಕ್ಷತ್ರ ಹಾಕಿದೆಯೋ, ಯಾವ ಫೋಲ್ಡರ್‌ನಲ್ಲಿದೆ, ಎಲ್ಲ ಲೆಕ್ಕವೂ ಅಲ್ಲೇ. ಐಮ್ಯಾಪ್ ಶುರುವಾದದ್ದು 1986ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಕೈಯಲ್ಲಿ. ಒಂದೇ ಮೇಲ್‌ಬಾಕ್ಸ್ ಅನ್ನು ದೂರದ ಬೇರೆ ಬೇರೆ ಯಂತ್ರಗಳಿಂದ ತೆರೆಯಬೇಕು ಅನ್ನೋದೇ ಅದರ ಕೆಲಸ. ನಮಗೆ ಬೇಕಾದದ್ದೂ ಅದೇ ಅಲ್ವಾ?

ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು ಸರ್ವರ್ ಸೆಟ್ಟಿಂಗ್ಸ್ ಒತ್ತಿ. ಸರ್ವರ್ ಟೈಪ್ ಅನ್ನೋ ಸಾಲಿನಲ್ಲಿ ಯಾವುದು ಅಂತ ಬರೆದಿರುತ್ತದೆ. ಪೋರ್ಟ್ ನಂಬರ್ ನೋಡಿದರೂ ಗೊತ್ತಾಗುತ್ತದೆ. 993 ಅಥವಾ 143 ಇದ್ದರೆ ಐಮ್ಯಾಪ್, 995 ಅಥವಾ 110 ಇದ್ದರೆ ಪಾಪ್.

ಐಮ್ಯಾಪ್ ಅಂತ ಇದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಎಡಗಡೆ ಪಟ್ಟಿಯಲ್ಲಿ ಕೆಳಗೆ ಲೋಕಲ್ ಫೋಲ್ಡರ್ಸ್ ಅಂತ ಒಂದು ಇರುತ್ತದೆ. ಸರ್ವರ್ ತುಂಬಿದಾಗಲೆಲ್ಲ ಹಳೇದನ್ನು ಎಳೆದು ಅಲ್ಲಿ ಹಾಕುವ ಅಭ್ಯಾಸ ಇದ್ದವರ ಸಂಗ್ರಹ ಪೂರ್ತಿ ಅಲ್ಲೇ ಇರುತ್ತದೆ. ಸರ್ವರ್‌ಗೆ ಅದರ ಸುಳಿವೇ ಇಲ್ಲ.

ಡಿಸ್ಕ್‌ನಲ್ಲೂ ಒಮ್ಮೆ ನೋಡಿಬಿಡಿ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಮಾಹಿತಿ ತೆರೆದರೆ ಪ್ರೊಫೈಲ್ ಫೋಲ್ಡರ್ ತೆರೆಯುವ ಬಟನ್ ಸಿಗುತ್ತದೆ. ಅದರೊಳಗೆ ಮೇಲ್ ಅಂತ ಒಂದು ಫೋಲ್ಡರ್, ಐಮ್ಯಾಪ್‌ಮೇಲ್ ಅಂತ ಇನ್ನೊಂದು. ಮೊದಲನೆಯದರಲ್ಲಿ ಪಾಪ್ ಮೇಲ್ ಮತ್ತು ಲೋಕಲ್ ಫೋಲ್ಡರ್‌ಗಳಿವೆ. ಇವು ಬಹುತೇಕ ಇದೊಂದೇ ಕಡೆ ಇರುವ ಪ್ರತಿಗಳು. ಎರಡನೆಯದು ಸರ್ವರ್‌ನಲ್ಲಿರುವುದರ ತಾತ್ಕಾಲಿಕ ನಕಲು, ಹೋದರೆ ಮತ್ತೆ ಇಳಿಯುತ್ತದೆ. ಸಾಗಿಸಬೇಕಾದ್ದು ಮೊದಲನೆಯದನ್ನು. ಅದರ ಗಾತ್ರ ಎಷ್ಟು ಜಿಬಿ ಅಂತ ಬರೆದಿಟ್ಟುಕೊಳ್ಳಿ.

## ಫೈಲನ್ನೇ ಡ್ರಾಪ್‌ಬಾಕ್ಸ್‌ಗೆ ಹಾಕಿದರೆ ಆಗಲ್ವಾ?

ಆಗಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಯೋಚನೆ ಎಲ್ಲರಿಗೂ ಬರುತ್ತದೆ.

ಥಂಡರ್‌ಬರ್ಡ್ ಮಾಮೂಲಾಗಿ ಮೇಲ್ ಇಡುವುದು ಎಂಬಾಕ್ಸ್ ರೂಪದಲ್ಲಿ. ಒಂದು ಫೋಲ್ಡರ್ ಅಂದರೆ ಒಂದು ಫೈಲ್. ಇಪ್ಪತ್ತು ಸಾವಿರ ಮೇಲ್ ಇದ್ದರೂ ಒಂದೇ ಫೈಲ್, ಒಂದರ ಕೆಳಗೆ ಒಂದು. ಆ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಪ್ರತಿ ಮೇಲ್‌ನ ತಲೆಯಲ್ಲಿ ಎಕ್ಸ್-ಮೊಜಿಲ್ಲಾ-ಸ್ಟೇಟಸ್ ಅನ್ನೋ ಒಂದು ಸಾಲು, ಪಕ್ಕದಲ್ಲಿ ನಾಲ್ಕು ಅಂಕಿ ಕಾಣುತ್ತವೆ. 0000 ಇದ್ದರೆ ಓದಿಲ್ಲ, 0001 ಇದ್ದರೆ ಓದಿದೆ. ಅಳಿಸಿದ ಮೇಲ್ ಕೂಡ ತಕ್ಷಣ ಹೋಗುವುದಿಲ್ಲ. ಅದೇ ಅಂಕಿಯಲ್ಲಿ ಅಳಿಸಲಾಗಿದೆ ಅನ್ನೋ ಗುರುತು ಬೀಳುತ್ತದೆ. ಫೋಲ್ಡರನ್ನು ಕಾಂಪ್ಯಾಕ್ಟ್ ಮಾಡುವವರೆಗೂ ಅದು ಅಲ್ಲೇ ಇರುತ್ತದೆ.

ಅಂದರೆ ನೀವು ಒಂದು ಮೇಲ್ ಓದಿದ ಕೂಡಲೇ 6 ಜಿಬಿಯ ಫೈಲ್ ಬದಲಾಯಿತು. ಡ್ರಾಪ್‌ಬಾಕ್ಸ್‌ನಂಥ ಸಿಂಕ್ ಸಾಫ್ಟ್‌ವೇರ್ ಕಣ್ಣಿಗೆ ಅದು ಹೊಸ ಫೈಲ್. ಅದು ಮೇಲೆ ಹೋಗುತ್ತಿರುವಾಗಲೇ ಇನ್ನೊಂದು ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ತೆರೆದಿದ್ದರೆ ಆ ಕಡೆಯೂ ಅದೇ ಫೈಲ್ ಬದಲಾಗುತ್ತದೆ. ಎರಡನ್ನೂ ಸೇರಿಸುವುದು ಸಿಂಕ್ ಸಾಫ್ಟ್‌ವೇರ್‌ಗೆ ಬರುವುದಿಲ್ಲ. ಅದು ಒಂದನ್ನು ಉಳಿಸಿ, ಇನ್ನೊಂದಕ್ಕೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡುತ್ತದೆ. ಸಿಂಕ್‌ಥಿಂಗ್ ಆದರೆ ಹೆಸರಿನಲ್ಲೇ ಸಿಂಕ್-ಕಾನ್‌ಫ್ಲಿಕ್ಟ್ ಅಂತ ಸೇರಿಸುತ್ತದೆ. ಇದರ ಜೊತೆಗೆ ಪ್ರತಿ ಎಂಬಾಕ್ಸ್‌ಗೂ ಒಂದು ಎಂಎಸ್‌ಎಫ್ ಸೂಚಿ ಫೈಲ್ ಇದೆ. ಯಾವ ಮೇಲ್ ಫೈಲಿನ ಯಾವ ಜಾಗದಲ್ಲಿ ಶುರುವಾಗುತ್ತದೆ ಅನ್ನೋ ಲೆಕ್ಕ ಅದರಲ್ಲಿ. ಎಂಬಾಕ್ಸ್ ಒಂದು ಕಂಪ್ಯೂಟರಿಂದ ಬಂದು ಸೂಚಿ ಇನ್ನೊಂದರಿಂದ ಬಂದರೆ, ನೀವು ಒಂದು ಮೇಲ್ ಒತ್ತಿದರೆ ತೆರೆದುಕೊಳ್ಳುವುದು ಇನ್ನೊಂದರ ನಡುಭಾಗ.

ಮನೆಯ ನೆಟ್‌ವರ್ಕ್ ಡ್ರೈವ್‌ನಲ್ಲಿ ಪ್ರೊಫೈಲ್ ಇಟ್ಟು ಎರಡು ಕಡೆಯಿಂದ ತೆರೆಯುವುದೂ ಇದೇ ಕಥೆ. ಥಂಡರ್‌ಬರ್ಡ್ ಒಂದು ಲಾಕ್ ಫೈಲ್ ಇಟ್ಟು ಎರಡನೆಯವರನ್ನು ತಡೆಯಲು ನೋಡುತ್ತದೆ. ಕೆಲವರು ಆ ಲಾಕ್ ಫೈಲನ್ನೇ ಅಳಿಸಿ ಒಳಗೆ ನುಗ್ಗುತ್ತಾರೆ. ಅದು ಯಾಕೆ ಅಲ್ಲಿದೆ ಅಂತ ಈಗ ನಿಮಗೆ ಗೊತ್ತಾಯಿತು.

## ದಾರಿ ಒಂದು: ಹಳೇ ಮೇಲನ್ನು ಸರ್ವರ್‌ಗೆ ಏರಿಸುವುದು

ನಿಮ್ಮ ಅಕೌಂಟ್‌ನಲ್ಲಿ ಜಾಗ ಇದ್ದರೆ ಬೇರೆ ಯೋಚನೆಯೇ ಬೇಡ, ಇದೇ ಮಾಡಿ. ಜಿಮೇಲ್‌ನಲ್ಲಿ ಉಚಿತ ಜಾಗ 15 ಜಿಬಿ, ಅದರಲ್ಲೇ ಡ್ರೈವ್ ಮತ್ತು ಫೋಟೋಸ್ ಕೂಡ ಪಾಲು ಕೇಳುತ್ತವೆ. ಮೊದಲು ಬರೆದಿಟ್ಟುಕೊಂಡ ಗಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.

1. ಥಂಡರ್‌ಬರ್ಡ್ ಮುಚ್ಚಿ. ಇಡೀ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ. ಮುಂದೆ ಏನೇ ಎಡವಟ್ಟಾದರೂ ವಾಪಸ್ ಬರಲು ಇದೊಂದೇ ದಾರಿ, ಬಿಡಬೇಡಿ. ಡ್ರೈವ್ ಫ್ಯಾಟ್32 ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರ ಮೇಲೆ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ.

2. ಥಂಡರ್‌ಬರ್ಡ್ ತೆರೆದು ಫೈಲ್ ಮೆನುವಿನಿಂದ ಎಲ್ಲ ಫೋಲ್ಡರ್ ಕಾಂಪ್ಯಾಕ್ಟ್ ಮಾಡಿ. ಯಾವತ್ತೋ ಅಳಿಸಿದ ಮೇಲ್ ಈಗ ನಿಜವಾಗಿ ಹೋಗುತ್ತದೆ. ವರ್ಷಗಟ್ಟಲೆ ಮಾಡದವರಿಗೆ ಇಲ್ಲೇ ಸುಮಾರು ಜಾಗ ಉಳಿಯಬಹುದು.

3. ಅಕೌಂಟ್ ಪಾಪ್‌ನಲ್ಲಿದ್ದರೆ ಅದನ್ನು ತೆಗೆಯಬೇಡಿ. ಅದೇ ವಿಳಾಸವನ್ನು ಐಮ್ಯಾಪ್ ಆಗಿ ಇನ್ನೊಂದು ಸಲ ಸೇರಿಸಿ. ಥಂಡರ್‌ಬರ್ಡ್‌ನಲ್ಲಿ ಪಾಪ್ ಅಕೌಂಟನ್ನು ನೇರವಾಗಿ ಐಮ್ಯಾಪ್ ಆಗಿ ಬದಲಿಸುವ ಬಟನ್ ಇಲ್ಲ. ಹೊಸದು ಬಂದ ಮೇಲೆ ಹಳೇ ಪಾಪ್ ಅಕೌಂಟ್ ತನ್ನಷ್ಟಕ್ಕೆ ಹೊಸ ಮೇಲ್ ಎಳೆದುಕೊಳ್ಳುವುದನ್ನು ನಿಲ್ಲಿಸಿ. ಶುರುವಾದಾಗ ನೋಡು, ಇಷ್ಟು ನಿಮಿಷಕ್ಕೊಮ್ಮೆ ನೋಡು ಅನ್ನೋ ಎರಡೂ ಟಿಕ್ ತೆಗೆಯಿರಿ.

4. ಐಮ್ಯಾಪ್ ಅಕೌಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಒಂದು ಹೊಸ ಫೋಲ್ಡರ್ ಮಾಡಿ. ಅದರೊಳಗೆ ವರ್ಷಕ್ಕೊಂದು ಇರಲಿ. ಇಪ್ಪತ್ತು ವಿಷಯವಾರು ಫೋಲ್ಡರ್‌ಗಿಂತ ವರ್ಷವಾರು ಫೋಲ್ಡರ್ ಮೇಲು ಅನ್ನೋದು ನನ್ನ ಅಭಿಪ್ರಾಯ. ವಿಷಯ ಹುಡುಕಲು ಸರ್ಚ್ ಇದೆ. ಯಾವುದು ಎಲ್ಲಿಗೆ ಅಂತ ಯೋಚಿಸುತ್ತ ಕೂರುವುದು ತಪ್ಪುತ್ತದೆ.

5. ಈಗ ಹಳೇ ಫೋಲ್ಡರ್‌ನಿಂದ ಐನೂರು, ಸಾವಿರ ಮೇಲ್ ಆಯ್ದು, ರೈಟ್ ಕ್ಲಿಕ್ ಮಾಡಿ, ಹೊಸ ಫೋಲ್ಡರ್‌ಗೆ ಕಾಪಿ ಮಾಡಿ. ಮೂವ್ ಅಲ್ಲ, ಕಾಪಿ. ಮೂವ್ ಮಾಡುತ್ತಿರುವಾಗ ನೆಟ್ ಹೋದರೆ ಯಾವುದು ಹೋಯಿತು, ಯಾವುದು ಉಳಿಯಿತು ಅಂತ ಹುಡುಕೋದು ದೊಡ್ಡ ಕೆಲಸ.

6. ಪ್ರತಿ ಕಂತಿನ ನಂತರ ಎರಡೂ ಕಡೆ ಎಣಿಕೆ ಸರಿಹೋಗಿದೆಯಾ ನೋಡಿ. ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದು ಅಲ್ಲಿಯೂ ಕಾಣುತ್ತಿದೆಯಾ ನೋಡಿ. ಒಂದೆರಡು ಅಟ್ಯಾಚ್‌ಮೆಂಟ್ ಇಳಿಸಿ ತೆರೆಯಿರಿ. ವೆಬ್‌ಮೇಲ್‌ನಲ್ಲಿ ಕಂಡರೆ ಮಾತ್ರ ಮೇಲ್ ಸರ್ವರ್‌ಗೆ ತಲುಪಿದೆ ಅಂತ ಅರ್ಥ.

ಇದು ನಿಧಾನದ ಕೆಲಸ. ಮೇಲೆ ಏರಿಸುವ ವೇಗ ಇಳಿಸುವ ವೇಗಕ್ಕಿಂತ ಕಡಿಮೆಯೇ ಇರುತ್ತದೆ. ಅದರ ಮೇಲೆ ಸರ್ವರ್‌ನವರ ಮಿತಿಯೂ ಇದೆ. ಗೂಗಲ್ ಐಮ್ಯಾಪ್ ಮೂಲಕ ದಿನಕ್ಕೆ ಏರಿಸಲು ಇಟ್ಟಿರುವ ಮಿತಿ 500 ಎಂಬಿ, ಇಳಿಸಲು 2500 ಎಂಬಿ. 10 ಜಿಬಿ ಏರಿಸಲು ಮೂರು ವಾರ ಅಂತ ಇಟ್ಟುಕೊಳ್ಳಿ. ಮಿತಿ ದಾಟಿದರೆ ಅಕೌಂಟ್ ಸ್ವಲ್ಪ ಹೊತ್ತು ಐಮ್ಯಾಪ್‌ಗೆ ಬಾಗಿಲು ಹಾಕುತ್ತದೆ. ಗಾಬರಿಯಾಗಿ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ, ಮರುದಿನ ನೋಡಿ.

ಹಳೇ ಮೇಲ್ ಇನ್ನೊಂದು ಕಂಪನಿಯ ಸರ್ವರ್‌ನಲ್ಲಿದ್ದು ಅಲ್ಲಿಂದ ಇಲ್ಲಿಗೆ ತರಬೇಕಾದರೆ ಎಳೆದು ಹಾಕುವ ಕೆಲಸಕ್ಕಿಂತ ಐಮ್ಯಾಪ್‌ಸಿಂಕ್ ಅನ್ನೋ ಪ್ರೋಗ್ರಾಂ ಒಳ್ಳೆಯದು. ಎರಡೂ ಸರ್ವರ್‌ನ ಹೆಸರು, ಪಾಸ್‌ವರ್ಡ್ ಕೊಟ್ಟರೆ ತಾನೇ ಸಾಗಿಸುತ್ತದೆ. ಅದರ ದೊಡ್ಡ ಗುಣ ಏನೆಂದರೆ, ನಡುವೆ ನಿಂತರೆ ಮತ್ತೆ ಓಡಿಸಬಹುದು. ಈಗಾಗಲೇ ಹೋಗಿರುವುದನ್ನು ಬಿಟ್ಟು ಉಳಿದದ್ದನ್ನಷ್ಟೇ ಕಳಿಸುತ್ತದೆ. ಓದಿದ ಗುರುತು, ತಾರೀಖು ಎರಡನ್ನೂ ಉಳಿಸುತ್ತದೆ. ಏನನ್ನೂ ಬದಲಿಸದೆ ಸುಮ್ನೆ ಪರೀಕ್ಷೆ ಮಾಡಿ ತೋರಿಸುವ ಆಯ್ಕೆಯೂ ಇದೆ. ಮೊದಲ ಸಲ ಅದನ್ನೇ ಓಡಿಸಿ.

ತಾರೀಖಿನ ಮಾತು ಬಂತು. ಪ್ರತಿ ಮೇಲ್‌ಗೆ ಎರಡು ತಾರೀಖು ಇರುತ್ತವೆ. ಒಂದು ಕಳಿಸಿದವರ ಕಂಪ್ಯೂಟರ್ ಮೇಲ್‌ನೊಳಗೇ ಬರೆದದ್ದು. ಇನ್ನೊಂದು ಸರ್ವರ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡದ್ದು. ಕೆಲವು ಉಪಕರಣಗಳು ಸಾಗಿಸುವಾಗ ಎರಡನೆಯದನ್ನು ಇವತ್ತಿನ ತಾರೀಖಾಗಿ ಬದಲಿಸಿಬಿಡುತ್ತವೆ. ಆಗ ಕೆಲವು ಪ್ರೋಗ್ರಾಂಗಳಲ್ಲಿ ಹತ್ತು ವರ್ಷ ಹಳೇ ಮೇಲ್ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಮೊದಲು ಇಪ್ಪತ್ತು ಮೇಲ್ ಮಾತ್ರ ಸಾಗಿಸಿ, ವೆಬ್‌ಮೇಲ್‌ನಲ್ಲಿ ತಾರೀಖು ನೋಡಿ. ಸರಿಯಿದ್ದರೆ ಮುಂದುವರಿಸಿ.

## ಎರಡನೇ, ಮೂರನೇ ಕಂಪ್ಯೂಟರ್‌ನಲ್ಲಿ

ಈಗ ಉಳಿದದ್ದು ಸುಲಭ. ಆ ಕಂಪ್ಯೂಟರ್‌ನಲ್ಲಿ ಯಾವುದಾದರೂ ಮೇಲ್ ಪ್ರೋಗ್ರಾಂ ಹಾಕಿ, ಅಕೌಂಟನ್ನು ಐಮ್ಯಾಪ್ ಆಗಿ ಸೇರಿಸಿ. ಎರಡೂ ಕಡೆ ಒಂದೇ ಪ್ರೋಗ್ರಾಂ ಇರಬೇಕು ಅಂತೇನಿಲ್ಲ. ಒಂದು ಕಡೆ ಥಂಡರ್‌ಬರ್ಡ್, ಇನ್ನೊಂದು ಕಡೆ ಆಪಲ್ ಮೇಲ್ ಇದ್ದರೂ ನಡೆಯುತ್ತದೆ.

ಹೆಚ್ಚಿನ ದೊಡ್ಡ ಕಂಪನಿಗಳು ಈಗ ಬರೀ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಅಕೌಂಟ್‌ಗಳಿಗೆ ಹಳೇ ಬಗೆಯ ಪಾಸ್‌ವರ್ಡ್ ಲಾಗಿನ್ ಅನ್ನು 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಸೆಟ್ಟಿಂಗ್‌ನಲ್ಲಿ ಓಆತ್2 ಅನ್ನೋ ಹೊಸ ಬಗೆಯ ಲಾಗಿನ್ ಆರಿಸಿದರೆ ಬ್ರೌಸರ್ ಕಿಟಕಿ ತೆರೆದು ಲಾಗಿನ್ ಕೇಳುತ್ತದೆ. ಓಆತ್2 ಗೊತ್ತಿಲ್ಲದ ಹಳೇ ಪ್ರೋಗ್ರಾಂ ಆದರೆ ಜಿಮೇಲ್‌ನಲ್ಲಿ ಎರಡು ಹಂತದ ಭದ್ರತೆ ಆನ್ ಮಾಡಿ, ಆಪ್ ಪಾಸ್‌ವರ್ಡ್, ಅಂದರೆ ಆ ಪ್ರೋಗ್ರಾಂಗೆಂದೇ ಬೇರೆ ಪಾಸ್‌ವರ್ಡ್, ಪಡೆಯಬಹುದು. ಪ್ರತಿ ಕಂಪ್ಯೂಟರ್‌ಗೂ ಬೇರೆ ಆಪ್ ಪಾಸ್‌ವರ್ಡ್ ಮಾಡಿ, ಹೆಸರು ಕೊಟ್ಟಿಡಿ. ಲ್ಯಾಪ್‌ಟಾಪ್ ಕಳೆದುಹೋದರೆ ಅದೊಂದನ್ನು ರದ್ದು ಮಾಡಿದರೆ ಆಯಿತು, ಉಳಿದವು ಓಡುತ್ತಲೇ ಇರುತ್ತವೆ.

ಅಕೌಂಟ್ ಸೇರಿಸಿದ ಮೇಲೆ ಮೂರು ವಿಷಯ ನೋಡಿ.

ಮೊದಲನೆಯದು ಕಳಿಸಿದ ಮೇಲ್. ಪ್ರತಿ ಕಂಪ್ಯೂಟರ್‌ನಲ್ಲೂ ಕಾಪೀಸ್ ಆಂಡ್ ಫೋಲ್ಡರ್ಸ್ ತೆರೆದು, ಕಳಿಸಿದ್ದರ ಪ್ರತಿ ಸರ್ವರ್‌ನ ಸೆಂಟ್ ಫೋಲ್ಡರ್‌ಗೆ ಹೋಗುವಂತೆ ಇಡಿ. ಒಂದರಲ್ಲಿ ಲೋಕಲ್ ಫೋಲ್ಡರ್ ಅಂತ ಉಳಿದರೂ ಅಲ್ಲಿಂದ ಕಳಿಸಿದ್ದು ಬೇರೆಲ್ಲೂ ಕಾಣುವುದಿಲ್ಲ. ಜನ ಅತಿ ಹೆಚ್ಚು ಮರೆಯುವುದು ಇದನ್ನೇ. ಜಿಮೇಲ್ ಮಾತ್ರ ಇದಕ್ಕೆ ಹೊರತು. ಅದು ತನ್ನ ಮೂಲಕ ಹೋದ ಮೇಲ್‌ನ ಪ್ರತಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಕೂಡ ಒಂದು ಇಡುವ ಅಗತ್ಯ ಇಲ್ಲ.

ಎರಡನೆಯದು ಆರ್ಕೈವ್ ಜಾಗ. ಥಂಡರ್‌ಬರ್ಡ್‌ನಲ್ಲಿ ಮೇಲ್ ಆಯ್ದು ಎ ಒತ್ತಿದರೆ ಅದು ಆರ್ಕೈವ್‌ಗೆ ಹೋಗುತ್ತದೆ. ಎಲ್ಲಿಗೆ ಹೋಗಬೇಕು, ವರ್ಷವಾರೋ ತಿಂಗಳುವಾರೋ ಅಂತ ಅದೇ ಪುಟದಲ್ಲಿ ಹೇಳಬೇಕು. ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಉತ್ತರ ಕೊಡಿ.

ಮೂರನೆಯದು ಆಫ್‌ಲೈನ್ ಪ್ರತಿ. ಸಿಂಕ್ರೊನೈಸೇಷನ್ ಆಂಡ್ ಸ್ಟೋರೇಜ್ ಪುಟದಲ್ಲಿ ಈ ಕಂಪ್ಯೂಟರ್‌ನಲ್ಲಿ ಮೇಲ್ ಇಡು ಅನ್ನೋ ಟಿಕ್ ಇದೆ. ಡೆಸ್ಕ್‌ಟಾಪ್‌ನಲ್ಲಿ ಹಾಕಿಡಿ. ನೆಟ್ ಇಲ್ಲದಾಗಲೂ ಓದಬಹುದು, ಮೇಲ್‌ನ ಒಳಗಿನ ಮಾತನ್ನೂ ಬೇಗ ಹುಡುಕಬಹುದು. ಚಿಕ್ಕ ಡಿಸ್ಕ್‌ನ ಲ್ಯಾಪ್‌ಟಾಪ್‌ನಲ್ಲಿ ಬೇಕಾದ ಫೋಲ್ಡರ್ ಮಾತ್ರ ಆರಿಸಿ. ಜಿಮೇಲ್‌ನಲ್ಲಿ ಆಲ್ ಮೇಲ್ ಅನ್ನೋ ಫೋಲ್ಡರ್‌ನಲ್ಲಿ ಸ್ಪ್ಯಾಮ್, ಕಸ ಬಿಟ್ಟು ಎಲ್ಲವೂ ಇನ್ನೊಮ್ಮೆ ಕಾಣುತ್ತವೆ. ಅದನ್ನೂ ಉಳಿದ ಲೇಬಲ್‌ಗಳನ್ನೂ ಇಳಿಸಿದರೆ ಒಂದೇ ಮೇಲ್ ಎರಡು ಮೂರು ಸಲ ಡಿಸ್ಕ್ ತಿನ್ನುತ್ತದೆ. ಒಂದೋ ಅದು, ಇಲ್ಲವೋ ಇವು.

ಈ ಆಫ್‌ಲೈನ್ ಪ್ರತಿ ಇರುವ ಲ್ಯಾಪ್‌ಟಾಪ್ ಕಳೆದರೆ ಹತ್ತು ವರ್ಷದ ಮೇಲ್ ಇನ್ನೊಬ್ಬರ ಕೈಯಲ್ಲಿ ಅನ್ನೋದೂ ನೆನಪಿರಲಿ. ಬಿಟ್‌ಲಾಕರ್, ಫೈಲ್‌ವಾಲ್ಟ್ ಹೀಗೆ ನಿಮ್ಮ ಸಿಸ್ಟಂನಲ್ಲಿ ಏನಿದೆಯೋ ಅದರಿಂದ ಡಿಸ್ಕ್‌ಗೆ ಬೀಗ ಹಾಕಿ.

## ಔಟ್‌ಲುಕ್ ಬಳಸುವವರಿಗೆ

ಇಲ್ಲಿ ಹಳೇ ಮೇಲ್ ಇರುವುದು ಪಿಎಸ್‌ಟಿ ಫೈಲ್‌ನಲ್ಲಿ. 2002ರವರೆಗಿನ ಔಟ್‌ಲುಕ್‌ನ ಪಿಎಸ್‌ಟಿಗೆ 2 ಜಿಬಿ ಮಿತಿ ಇತ್ತು. 2010ರಿಂದ ಈಚೆಗೆ ಮಾಮೂಲಿ ಮಿತಿ 50 ಜಿಬಿ. ಪಿಎಸ್‌ಟಿಯನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಬಳಸುವುದಕ್ಕೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಒಂದು ಪಿಎಸ್‌ಟಿಯನ್ನು ಎರಡು ಔಟ್‌ಲುಕ್ ಒಟ್ಟಿಗೆ ತೆರೆಯಲಾಗುವುದೂ ಇಲ್ಲ.

ಹಾಗಾಗಿ ಇಲ್ಲಿಯೂ ಅದೇ ದಾರಿ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಫೈಲ್, ಓಪನ್ ಆಂಡ್ ಎಕ್ಸ್‌ಪೋರ್ಟ್, ಓಪನ್ ಔಟ್‌ಲುಕ್ ಡೇಟಾ ಫೈಲ್ ಒತ್ತಿ ಹಳೇ ಪಿಎಸ್‌ಟಿ ತೆರೆಯಿರಿ. ಪಕ್ಕದಲ್ಲೇ ಐಮ್ಯಾಪ್ ಅಥವಾ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಅಕೌಂಟ್ ಇರಲಿ. ಫೋಲ್ಡರ್‌ನಿಂದ ಫೋಲ್ಡರ್‌ಗೆ ಕಂತು ಕಂತಾಗಿ ಕಾಪಿ ಮಾಡಿ.

ಮುಗಿದ ಮೇಲೆ ಆಟೋಆರ್ಕೈವ್ ಆಫ್ ಇದೆಯಾ ನೋಡಿ. ಆನ್ ಇದ್ದರೆ ಅದು ಇಂತಿಷ್ಟು ತಿಂಗಳು ದಾಟಿದ್ದನ್ನು ಸದ್ದಿಲ್ಲದೆ ಮತ್ತೆ ಈ ಕಂಪ್ಯೂಟರ್‌ನ ಪಿಎಸ್‌ಟಿಗೆ ತಳ್ಳುತ್ತದೆ. ನೀವು ಬಿಡಿಸಿದ ಗಂಟನ್ನು ಅದು ವಾಪಸ್ ಹಾಕಿದ ಹಾಗೆ. ಎಕ್ಸ್‌ಚೇಂಜ್ ಅಕೌಂಟ್ ಆದರೆ ಎಷ್ಟು ಕಾಲದ ಮೇಲ್ ಆಫ್‌ಲೈನ್ ಇಡಬೇಕು ಅಂತ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ಲೈಡರ್ ಇದೆ. ಹಳೇ ಮೇಲ್ ಕಾಣೆಯಾಯಿತು ಅನ್ನೋ ಎಷ್ಟೋ ದೂರುಗಳ ಹಿಂದೆ ಆ ಸ್ಲೈಡರ್ ಒಂದು ವರ್ಷಕ್ಕೆ ನಿಂತಿರುತ್ತದೆ ಅಷ್ಟೇ.

## ದಾರಿ ಎರಡು: ಮನೆಯಲ್ಲೇ ಒಂದು ಮೇಲ್ ಸರ್ವರ್

ಜಾಗ ಸಾಲದು, ಅಥವಾ ಹಳೇ ಪತ್ರಗಳು ಬೇರೆ ಕಂಪನಿಯ ಕೈಯಲ್ಲಿರುವುದು ಇಷ್ಟ ಇಲ್ಲ ಅನ್ನೋರಿಗೆ ಇದು. ಮೇಲ್ ಸರ್ವರ್ ಅಂದ ಕೂಡಲೇ ಹೆದರಬೇಕಿಲ್ಲ. ಹೊರಗಿನಿಂದ ಮೇಲ್ ಸ್ವೀಕರಿಸುವುದು, ಸ್ಪ್ಯಾಮ್ ತಡೆಯುವುದು ಇವೆಲ್ಲ ಕಷ್ಟದ ಕೆಲಸ, ನಿಜ. ನಾವು ಅದ್ಯಾವುದನ್ನೂ ಮಾಡುತ್ತಿಲ್ಲ. ಇಟ್ಟ ಮೇಲ್ ತೋರಿಸುವುದಷ್ಟೇ ಇದರ ಕೆಲಸ.

ಸದಾ ಆನ್ ಇರುವ ಒಂದು ಯಂತ್ರ ಬೇಕು. ರಾಸ್ಪ್‌ಬೆರಿ ಪೈ, ಹಳೇ ಲ್ಯಾಪ್‌ಟಾಪ್, ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್‌ನ ನ್ಯಾಸ್ ಪೆಟ್ಟಿಗೆ ಯಾವುದಾದರೂ ಸರಿ. ಅದರ ಮೇಲೆ ಲಿನಕ್ಸ್, ಅದರ ಮೇಲೆ ಡವ್‌ಕಾಟ್ ಅನ್ನೋ ಐಮ್ಯಾಪ್ ಸರ್ವರ್ ಪ್ರೋಗ್ರಾಂ. ಡೆಬಿಯನ್, ಉಬುಂಟು ಎರಡರ ಪ್ಯಾಕೇಜ್ ಪಟ್ಟಿಯಲ್ಲೂ ಡವ್‌ಕಾಟ್‌ನ ಐಮ್ಯಾಪ್ ಭಾಗ ಸಿಗುತ್ತದೆ. ಹಾಕಿದ ಮೇಲೆ ಮೇಲ್ ಎಲ್ಲಿ, ಯಾವ ರೂಪದಲ್ಲಿ ಇಡಬೇಕು ಅಂತ ಹೇಳಬೇಕು. ಮೇಲ್‌ಡಿರ್ ರೂಪ ಆರಿಸಿ. ಒಂದು ಎಚ್ಚರಿಕೆ: ಡವ್‌ಕಾಟ್ 2.4ರಲ್ಲಿ ಸೆಟ್ಟಿಂಗ್ ಬರೆಯುವ ರೀತಿ ಬದಲಾಗಿದೆ. 2.3ರಲ್ಲಿ ಜಾಗ ಮತ್ತು ರೂಪ ಒಂದೇ ಸಾಲಿನಲ್ಲಿತ್ತು, 2.4ರಲ್ಲಿ ರೂಪಕ್ಕೊಂದು ಸಾಲು, ಜಾಗಕ್ಕೊಂದು ಸಾಲು. ಎಲ್ಲಿಂದಲೋ ಸಿಕ್ಕ ಹಳೇ ಸಾಲನ್ನು ಅಂಟಿಸುವ ಮೊದಲು ನಿಮ್ಮದು ಯಾವ ಆವೃತ್ತಿ ನೋಡಿ.

ಮೇಲ್‌ಡಿರ್ ಯಾಕೆ? ಅದರಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಪ್ರತಿ ಫೋಲ್ಡರ್‌ನಲ್ಲೂ ನ್ಯೂ, ಕರ್, ಟಂಪ್ ಅಂತ ಮೂರು ಒಳಫೋಲ್ಡರ್. ಓದಿದ ಗುರುತು ಮೇಲ್‌ನೊಳಗೆ ಇರುವುದಿಲ್ಲ, ಫೈಲ್ ಹೆಸರಿನ ಬಾಲದಲ್ಲಿರುತ್ತದೆ. ಎಸ್ ಅಕ್ಷರ ಇದ್ದರೆ ಓದಿದ್ದು, ಆರ್ ಇದ್ದರೆ ಉತ್ತರ ಕೊಟ್ಟದ್ದು, ಎಫ್ ಇದ್ದರೆ ನಕ್ಷತ್ರ ಹಾಕಿದ್ದು. ಒಂದು ಮೇಲ್ ಓದಿದರೆ ಒಂದು ಫೈಲ್‌ನ ಹೆಸರು ಬದಲಾಗುತ್ತದೆ, ಅಷ್ಟೇ. ಒಂದು ಫೈಲ್ ಹಾಳಾದರೂ ಹೋಗುವುದು ಒಂದು ಮೇಲ್. ದಿನದಿನದ ಬ್ಯಾಕಪ್ ಕೂಡ ಹಗುರ. ಆ ಬಾಲದಲ್ಲಿ ಕೋಲನ್ ಇರುವುದರಿಂದ ಈ ಫೋಲ್ಡರನ್ನು ನೇರವಾಗಿ ವಿಂಡೋಸ್ ಡ್ರೈವ್‌ಗೆ ಕಾಪಿ ಮಾಡಿದರೆ ತಕರಾರು ಬರುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಕೋಲನ್ ನಿಷಿದ್ಧ. ಟಾರ್ ಅಥವಾ ಜಿಪ್‌ನಲ್ಲಿ ಕಟ್ಟಿ ಕಾಪಿ ಮಾಡಿ.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗೆ ಒಂದು ಮಾತು. ಇಡಬಹುದು, ಮೇಲ್ ಪ್ರೋಗ್ರಾಂನಲ್ಲಿ ಸರಿಯಾಗೇ ಕಾಣುತ್ತದೆ. ಆದರೆ ಐಮ್ಯಾಪ್ ಹಿಂದಿನಿಂದಲೂ ಇಂಗ್ಲಿಷ್ ಅಲ್ಲದ ಹೆಸರನ್ನು ಒಂದು ವಿಚಿತ್ರ ಸಂಕೇತಕ್ಕೆ ಬದಲಿಸಿ ಇಡುತ್ತದೆ. ಸರ್ವರ್‌ನ ಡಿಸ್ಕ್ ತೆರೆದು ನೋಡಿದರೆ ಆಂಪರ್‌ಸ್ಯಾಂಡ್‌ನಿಂದ ಶುರುವಾಗುವ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣಬಹುದು. ಹಾಳಾಗಿದೆ ಅಂತ ಅಳಿಸಿಬಿಡಬೇಡಿ, ಅದು ನಿಮ್ಮ ಫೋಲ್ಡರೇ.

ಮುಂದಿನ ಹೆಜ್ಜೆಗಳು ಚಿಕ್ಕವು. ರೂಟರ್‌ನಲ್ಲಿ ಆ ಯಂತ್ರಕ್ಕೆ ಬದಲಾಗದ ಐಪಿ ವಿಳಾಸ ಕೊಡಿ. ಸರ್ವರ್‌ನಲ್ಲಿ ನಿಮಗೊಂದು ಯೂಸರ್, ಗಟ್ಟಿ ಪಾಸ್‌ವರ್ಡ್ ಮಾಡಿ. ಥಂಡರ್‌ಬರ್ಡ್‌ನಲ್ಲಿ ಹೊಸ ಅಕೌಂಟ್ ಸೇರಿಸುವಾಗ ಕೈಯಾರೆ ತುಂಬುವ ಆಯ್ಕೆ ತೆಗೆದುಕೊಂಡು ಆ ಐಪಿ ವಿಳಾಸ, ಐಮ್ಯಾಪ್, ಪೋರ್ಟ್ 993 ಹಾಕಿ. ಮೇಲ್ ಕಳಿಸುವ ಸರ್ವರ್ ಕೇಳಿದರೆ ನಿಮ್ಮ ಮಾಮೂಲಿ ಅಕೌಂಟ್‌ನದ್ದನ್ನೇ ಕೊಡಿ, ಇಲ್ಲಿಂದ ಏನೂ ಕಳಿಸುವುದಿಲ್ಲವಲ್ಲ. ಪ್ರಮಾಣಪತ್ರ ಗುರುತಿಲ್ಲ ಅಂತ ಎಚ್ಚರಿಕೆ ಬರುತ್ತದೆ. ಸರ್ವರ್ ತಾನೇ ಬರೆದುಕೊಂಡ ಪ್ರಮಾಣಪತ್ರ ಅದು. ಮನೆಯ ನೆಟ್‌ವರ್ಕ್‌ನಲ್ಲಿ ಕೂತು ಒಮ್ಮೆ ಒಪ್ಪಿಕೊಳ್ಳಿ. ಆಮೇಲೆ ಮೊದಲ ದಾರಿಯ ಹಾಗೇ ಕಂತು ಕಂತಾಗಿ ಕಾಪಿ. ಇಲ್ಲಿ ದಿನದ ಮಿತಿ ಇಲ್ಲದ್ದರಿಂದ ಕೆಲಸ ಬೇಗ ಮುಗಿಯುತ್ತದೆ.

ಹೊಸ ಮೇಲ್ ಕೂಡ ಕಾಲಕಾಲಕ್ಕೆ ಇಲ್ಲಿಗೆ ಬರಬೇಕು ಅಂದರೆ, ಮಾಮೂಲಿ ಅಕೌಂಟ್‌ನ ಆರ್ಕೈವ್ ಜಾಗವನ್ನೇ ಮನೆಯ ಸರ್ವರ್‌ನ ಫೋಲ್ಡರ್‌ಗೆ ತೋರಿಸಿ. ಎ ಒತ್ತಿದರೆ ಸಾಕು, ಮೇಲ್ ಕಂಪನಿಯ ಸರ್ವರ್‌ನಿಂದ ಮನೆಗೆ ಬಂದುಬಿಡುತ್ತದೆ. ಇಡೀ ಏರ್ಪಾಡಿನಲ್ಲಿ ನನಗೆ ಅತಿ ಇಷ್ಟದ್ದು ಇದೇ.

ಹೊರಗಡೆಯಿಂದ ತೆರೆಯಬೇಕೇ? ರೂಟರ್‌ನಲ್ಲಿ 993 ಪೋರ್ಟ್ ಅನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸುವ ರೋಬೋಟ್‌ಗಳು ಬಾಗಿಲು ಬಡಿಯುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್‌ನಂಥ ವಿಪಿಎನ್ ಹಾಕಿ, ಲ್ಯಾಪ್‌ಟಾಪ್ ಮೊದಲು ಮನೆಯ ನೆಟ್‌ವರ್ಕ್ ಸೇರಲಿ, ಆಮೇಲೆ ಮೇಲ್ ತೆರೆಯಲಿ.

## ದಾರಿ ಮೂರು: ಜೇಬಿನಲ್ಲಿ ಒಯ್ಯುವ ಪ್ರೊಫೈಲ್

ಒಬ್ಬರೇ ಬಳಸುವುದು, ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್, ನೆಟ್ ಸರಿಯಿಲ್ಲ. ಇಷ್ಟೂ ನಿಜವಾದರೆ ಮಾತ್ರ ಇದು. ಥಂಡರ್‌ಬರ್ಡ್‌ನ ಪೋರ್ಟಬಲ್ ಆವೃತ್ತಿಯನ್ನು ಹೊರಗಿನ ಎಸ್‌ಎಸ್‌ಡಿಯಲ್ಲಿ ಹಾಕಿ, ಪ್ರೊಫೈಲ್ ಅದರಲ್ಲೇ ಇರಲಿ. ಮುಚ್ಚದೆ ಡ್ರೈವ್ ಕೀಳಬೇಡಿ. ಅಗ್ಗದ ಪೆನ್ ಡ್ರೈವ್ ಬೇಡ. ಡ್ರೈವ್‌ಗೆ ವೆರಾಕ್ರಿಪ್ಟ್ ಬೀಗ ಇರಲಿ. ವಾರಕ್ಕೊಮ್ಮೆ ಬ್ಯಾಕಪ್ ಕಡ್ಡಾಯ, ಯಾಕೆಂದರೆ ಡ್ರೈವ್ ಹೋದರೆ ಸಂಗ್ರಹವೂ ಹೋಯಿತು.

## ಸಿಂಕ್ ಬೇರೆ, ಬ್ಯಾಕಪ್ ಬೇರೆ

ಮೂರು ಕಂಪ್ಯೂಟರ್‌ನಲ್ಲಿ ಕಾಣುತ್ತಿದೆ, ಹಾಗಾಗಿ ಮೂರು ಬ್ಯಾಕಪ್ ಇದೆ ಅಂದುಕೊಳ್ಳುವವರು ಬಹಳ. ಇಲ್ಲ. ಒಂದು ಕಡೆ ಒಂದು ಫೋಲ್ಡರ್ ಅಳಿಸಿ ನೋಡಿ. ಸರ್ವರ್‌ನಲ್ಲಿ ಅಳಿಯುತ್ತದೆ, ಉಳಿದ ಎರಡು ಕಂಪ್ಯೂಟರ್ ನಿಷ್ಠೆಯಿಂದ ಅದನ್ನೇ ಅನುಸರಿಸುತ್ತವೆ.

ಬ್ಯಾಕಪ್ ಅಂದರೆ ಐಮ್ಯಾಪ್‌ಗೆ ಕೈಗೆಟುಕದ ಜಾಗದಲ್ಲಿರುವ ಪ್ರತಿ. ಜಿಮೇಲ್ ಆದರೆ ಗೂಗಲ್ ಟೇಕ್‌ಔಟ್‌ನಿಂದ ಇಡೀ ಸಂಗ್ರಹ ಎಂಬಾಕ್ಸ್ ರೂಪದಲ್ಲಿ ಸಿಗುತ್ತದೆ. ಉಳಿದವರು ವಿಂಡೋಸ್‌ನಲ್ಲಿ ಮೇಲ್‌ಸ್ಟೋರ್ ಹೋಮ್, ಲಿನಕ್ಸ್‌ನಲ್ಲಿ ಎಂಬಿಸಿಂಕ್ ಬಳಸಬಹುದು. ಎಂಬಿಸಿಂಕ್ ಹಾಕುವಾಗ ಸರ್ವರ್‌ನಿಂದ ಈ ಕಡೆಗೆ ಮಾತ್ರ ಹರಿಯಲಿ, ಸರ್ವರ್‌ನಲ್ಲಿ ಅಳಿಸಿದ್ದು ಇಲ್ಲಿ ಅಳಿಯದಿರಲಿ. ಎರಡನ್ನೂ ಸೆಟ್ಟಿಂಗ್‌ನಲ್ಲಿ ಹೇಳಬಹುದು. ಮನೆಯ ಸರ್ವರ್ ಆದರೆ ಮೇಲ್‌ಡಿರ್ ಫೋಲ್ಡರನ್ನೇ ಪ್ರತಿ ರಾತ್ರಿ ಬೇರೆ ಡಿಸ್ಕ್‌ಗೆ, ತಿಂಗಳಿಗೊಮ್ಮೆ ಮನೆಯ ಹೊರಗಿನ ಒಂದು ಡಿಸ್ಕ್‌ಗೆ. ಬ್ಯಾಕಪ್‌ನಿಂದ ಒಂದು ಮೇಲ್ ಹೊರಗೆ ತೆಗೆದು ತೆರೆದು ನೋಡುವವರೆಗೂ ಅದನ್ನು ನಂಬಬೇಡಿ.

## ಸಾಮಾನ್ಯವಾಗಿ ಬರುವ ತೊಂದರೆಗಳು

ಒಂದರಲ್ಲಿ ಫೋಲ್ಡರ್ ಇದೆ, ಇನ್ನೊಂದರಲ್ಲಿ ಇಲ್ಲ. ಐಮ್ಯಾಪ್‌ನಲ್ಲಿ ಫೋಲ್ಡರ್‌ಗೆ ಚಂದಾ ಆಗುವ ಪದ್ಧತಿ ಇದೆ. ಅಕೌಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸಬ್‌ಸ್ಕ್ರೈಬ್ ತೆರೆದು ಟಿಕ್ ಹಾಕಿ.

ಜಿಮೇಲ್‌ನಲ್ಲಿ ಸಾವಿರ ಮೇಲ್ ಮಾತ್ರ ಕಾಣುತ್ತದೆ. ಬ್ರೌಸರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ನ ಐಮ್ಯಾಪ್ ಪುಟ ತೆರೆಯಿರಿ. ಫೋಲ್ಡರ್‌ನಲ್ಲಿ ಇಷ್ಟೇ ಮೇಲ್ ತೋರಿಸು ಅನ್ನೋ ಮಿತಿ ಆನ್ ಆಗಿದ್ದರೆ ತೆಗೆಯಿರಿ. ಒಂದು ಲೇಬಲ್ಲೇ ಕಾಣದಿದ್ದರೆ ಲೇಬಲ್ಸ್ ಪುಟದಲ್ಲಿ ಅದರ ಮುಂದೆ ಐಮ್ಯಾಪ್‌ನಲ್ಲಿ ತೋರಿಸು ಅನ್ನೋ ಟಿಕ್ ಇದೆಯಾ ನೋಡಿ.

ಆಗಾಗ ಕನೆಕ್ಷನ್ ಜಾಸ್ತಿಯಾಯಿತು ಅನ್ನುತ್ತದೆ. ಜಿಮೇಲ್ ಒಂದು ಅಕೌಂಟ್‌ಗೆ ಒಟ್ಟಿಗೆ 15 ಐಮ್ಯಾಪ್ ಕನೆಕ್ಷನ್ ಕೊಡುತ್ತದೆ. ಒಂದು ಥಂಡರ್‌ಬರ್ಡೇ ಐದು ತೆಗೆದುಕೊಳ್ಳಬಹುದು. ಮೂರು ಕಂಪ್ಯೂಟರ್, ಮೇಲೊಂದು ಫೋನ್ ಆದರೆ ಮುಗಿಯಿತು. ಸರ್ವರ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಐದನ್ನು ಎರಡಕ್ಕೆ ಇಳಿಸಿ.

ಮೇಲ್ ಎರಡೆರಡು ಬಂದಿದೆ. ಒಂದು ಕಂತನ್ನು ಎರಡು ಸಲ ಕಾಪಿ ಮಾಡಿದ್ದೀರಿ, ಅಥವಾ ಪಾಪ್ ಅಕೌಂಟ್ ಮತ್ತು ಲೋಕಲ್ ಫೋಲ್ಡರ್ ಎರಡರಲ್ಲೂ ಅದೇ ಮೇಲ್ ಇತ್ತು. ಪ್ರತಿ ಮೇಲ್‌ಗೂ ಮೆಸೇಜ್ ಐಡಿ ಅಂತ ಒಂದು ಗುರುತು ಇರುತ್ತದೆ. ಅದನ್ನು ಹೋಲಿಸಿ ನಕಲು ತೆಗೆಯುವ ಆಡ್‌ಆನ್‌ಗಳು ಥಂಡರ್‌ಬರ್ಡ್‌ಗೆ ಸಿಗುತ್ತವೆ. ಒಂದು ಫೋಲ್ಡರ್‌ನಲ್ಲಿ ಪರೀಕ್ಷಿಸಿ ಮುಂದುವರಿಯಿರಿ.

ಸರ್ಚ್ ಮಾಡಿದರೆ ಒಂದರಲ್ಲಿ ಸಿಗುತ್ತದೆ, ಇನ್ನೊಂದರಲ್ಲಿ ಇಲ್ಲ. ಆ ಕಂಪ್ಯೂಟರ್‌ನಲ್ಲಿ ಹುಡುಕುವ ಸೂಚಿ ಇನ್ನೂ ತಯಾರಾಗಿಲ್ಲ, ಅಥವಾ ಆಫ್‌ಲೈನ್ ಪ್ರತಿ ಇಲ್ಲದ ಕಾರಣ ಅಲ್ಲಿರುವುದು ಬರೀ ವಿಷಯದ ಸಾಲು. ಒಂದು ರಾತ್ರಿ ಆನ್ ಇಟ್ಟು ನೋಡಿ. ಆಮೇಲೂ ಇಲ್ಲದಿದ್ದರೆ ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ರಿಪೇರ್ ಒತ್ತಿ.

ಹಳೇ ಲೋಕಲ್ ಪ್ರತಿಯನ್ನು ಯಾವಾಗ ಅಳಿಸಬಹುದು? ಎಲ್ಲ ಕಂಪ್ಯೂಟರ್‌ನಲ್ಲೂ ಎಣಿಕೆ ಸರಿಹೋಗಿ, ಬ್ಯಾಕಪ್ ತೆರೆದು ನೋಡಿ, ಒಂದೆರಡು ತಿಂಗಳು ಹೊಸ ಏರ್ಪಾಡಿನಲ್ಲೇ ಕೆಲಸ ಮಾಡಿದ ಮೇಲೆ. ಅಲ್ಲಿಯವರೆಗೆ ಆ ಫೋಲ್ಡರ್‌ಗಳ ಹೆಸರಿಗೆ ಹಳೇದು ಅಂತ ಸೇರಿಸಿಡಿ. ಇಲ್ಲದಿದ್ದರೆ ಅಭ್ಯಾಸಬಲದಿಂದ ಹೊಸ ಮೇಲ್ ಮತ್ತೆ ಅಲ್ಲಿಗೇ ಹೋಗಿ ಬೀಳುತ್ತದೆ.